ಪಾರ್ಟ್ನರ್‌ಗೆ ಒಂದು ಪತ್ರ: ಬೀಸ್ಟ್ ವಿಷಯದಲ್ಲಿ ನೀನೇ ಸರಿ

ಲೋ ಪಾರ್ಟ್ನರ್,

ಕಾಮಿಕ್ಸ್‌ನ ಬೀಸ್ಟ್ ಯಾವ ತಂಡದವನು ಅನ್ನುವ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಒಪ್ಪಿಕೊಂಡೆ. ಇಷ್ಟು ವರ್ಷ ಜಗಳ ಆಡಿ, ಎರಡು ಸಲ ಮಾತು ಬಿಟ್ಟು, ಒಂದು ಸಲ ಸಿಟ್ಟಿನಲ್ಲಿ ನಿನ್ನ ಪಾಲಿನ ಮದ್ದೂರು ವಡೆಯನ್ನೂ ತಿಂದು ಮುಗಿಸಿದವನು ಈಗ ಎಲ್ಲರ ಎದುರಿಗೆ ಒಪ್ಪಿಕೊಳ್ಳುತ್ತಿದ್ದೇನೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ನಾವು ಜಗಳ ಆಡಿದ್ದೆಲ್ಲ ನಾಲ್ಕು ಜನರ ಎದುರಿಗೇ ಅಲ್ವಾ, ಇದೂ ಹಾಗೇ ಆಗಲಿ.

ಓದುವ ಬೇರೆಯವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನಮ್ಮಿಬ್ಬರದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸು, ಬಿಲ್ ಪುಸ್ತಕ. ಆಷಾಢ ಬಂದರೆ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ನಮಗೆ ಕೆಲಸ ಇಲ್ಲ. ಆ ತಿಂಗಳು ಪೂರ್ತಿ ಹಳೇ ಪುಸ್ತಕದ ಅಂಗಡಿಯಿಂದ ತಂದ ಅಮೆರಿಕದ ಕಾಮಿಕ್ಸ್ ಓದುವುದು, ಆಮೇಲೆ ಯಾವ ಹೀರೋನ ಯಾವ ತಂಡಕ್ಕೆ ವರ್ಗ ಮಾಡಬೇಕು ಅಂತ ವಾದಕ್ಕೆ ಕೂರುವುದು. ತಪ್ಪು ಪ್ರಿಂಟ್ ಆದ ಬಿಲ್ ಪುಸ್ತಕಗಳ ಹಿಂಬದಿಯಲ್ಲಿ ಈ ಪಾರ್ಟ್ನರ್ ವರ್ಗಾವಣೆ ಆದೇಶ ಬರೆಯುತ್ತಿದ್ದ. ಕೆಳಗೆ ಅಂಗಡಿಯ ಸೀಲು ಬೇರೆ. 'ಸಪರಿವಾರ' ಕಾರ್ಡಿನ ವಿಷಯ ಇಲ್ಲಿ ಬರೆಯುವುದಿಲ್ಲ, ಹೆದರಬೇಡ ಕಣೋ.

ಈಗ ಬೀಸ್ಟ್. 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಎಕ್ಸ್-ಮೆನ್ ಅನ್ನುವ ಹೀರೋಗಳ ತಂಡ ಶುರು ಮಾಡಿದಾಗ ಇದ್ದ ಐದು ವಿದ್ಯಾರ್ಥಿಗಳಲ್ಲಿ ಇವನೊಬ್ಬ, ಅಸಲಿ ಹೆಸರು ಹ್ಯಾಂಕ್ ಮೆಕಾಯ್. ದೊಡ್ಡ ಕೈ, ದೊಡ್ಡ ಪಾದ, ಬಾಯಿ ಬಿಟ್ಟರೆ ನಿಘಂಟಿನ ಮಾತು. ಮೊದಲ ದಿನದಿಂದ ಇದ್ದವನಿಗೆ ಅದೇ ಮನೆ, ಬೇರೆ ಕಡೆ ಹೋದರೆ ಅವನು ನೆಂಟ ಅಷ್ಟೇ ಅಂತ ನಾನು. ಅವನನ್ನು ಅವೆಂಜರ್ಸ್ ತಂಡಕ್ಕೇ ಹಾಕಬೇಕು ಅಂತ ನೀನು. 1970ರಲ್ಲಿ ಎಕ್ಸ್-ಮೆನ್ ಪುಸ್ತಕದಲ್ಲಿ ಹೊಸ ಕಥೆಗಳು ನಿಂತುಹೋದವು. 1972ರಲ್ಲಿ ಅವನ ಮೈತುಂಬ ಕೂದಲು ಬಂತು, ಮೊದಲು ಬೂದು, ಆಮೇಲೆ ನೀಲಿ. 1975ರಲ್ಲಿ ಅವೆಂಜರ್ಸ್ ಬಾಗಿಲು ತಟ್ಟಿದ. ಅಲ್ಲಿ ಇಡೀ ಮ್ಯೂಟೆಂಟ್ ಕುಲದ, ಅಂದರೆ ಎಕ್ಸ್-ಮೆನ್ ಥರ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರ ಭಾರ ಅವನ ಹೆಗಲ ಮೇಲೆ ಇರಲಿಲ್ಲ. ವಂಡರ್ ಮ್ಯಾನ್ ಅನ್ನುವ ಗೆಳೆಯ ಸಿಕ್ಕಿದ. ಇಬ್ಬರೂ ಸೇರಿ ತಿರುಗಾಡಿದರು, ತಮಾಷೆ ಮಾಡಿದರು. ನೀಲಿ ಕೂದಲಿನ ಆ ದೊಡ್ಡ ಮೈಯಲ್ಲಿ ಅವನು ಮೊದಲ ಸಲ ಹಾಯಾಗಿದ್ದ.

"ಯಾರು ಎಲ್ಲಿ ನಗುತ್ತಾರೋ ಅದೇ ಅವರ ತಂಡ ಕಣೋ" ಅನ್ನುತ್ತಿದ್ದೆ ನೀನು. ಇದನ್ನೆಲ್ಲ ವಾದ ಅನ್ನಲ್ಲ ಅಂತ ನಾನು ತಳ್ಳಿಹಾಕುತ್ತಿದ್ದೆ.

ಈಚೆಗೆ ರಾತ್ರಿ ನಿದ್ದೆ ಬರದೆ, 2019ರಿಂದ ಬಂದ, ಎಕ್ಸ್-ಮೆನ್ ಲೋಕದ್ದೇ ಆದ ಎಕ್ಸ್-ಫೋರ್ಸ್ ಕಥೆಗಳನ್ನೆಲ್ಲ ಒಂದರ ಹಿಂದೆ ಒಂದು ಓದಿದೆ. ಮ್ಯೂಟೆಂಟ್‌ಗಳಿಗೆ ಕ್ರಕೋವಾ ಅಂತ ಒಂದು ದ್ವೀಪ, ಅದೇ ಅವರ ದೇಶ. ಆ ದೇಶದ ಗುಪ್ತಚರ ಕೆಲಸ ಬೀಸ್ಟ್ ಕೈಯಲ್ಲಿ. ನನ್ನವರನ್ನು ಕಾಪಾಡುತ್ತೇನೆ ಅಂತ ಶುರು ಮಾಡಿದವನು ಗುಟ್ಟಾಗಿ ಜೈಲು ನಡೆಸಿದ, ಜನರನ್ನು ಕೊಂದ, ಕೊನೆಗೆ ತನ್ನದೇ ತಂಡದ ವುಲ್ವರಿನ್‌ನನ್ನೇ ಬುದ್ಧಿ ಇಲ್ಲದ ಆಯುಧ ಮಾಡಿಕೊಂಡ. ಐವತ್ತಕ್ಕೂ ಜಾಸ್ತಿ ವರ್ಷದಿಂದ ಕಥೆಗಳಲ್ಲಿರುವ ಮುಖ ಅದು, ನನಗೆ ಗುರುತೇ ಸಿಗಲಿಲ್ಲ. ಆ ದ್ವೀಪದಲ್ಲಿ ಸತ್ತವರನ್ನು ಅವರ ನೆನಪಿನ ಪ್ರತಿಯಿಂದ ಮತ್ತೆ ಎಬ್ಬಿಸುವ ವ್ಯವಸ್ಥೆ ಇದೆ. ಕೊನೆಗೆ ಒಂದು ಹಳೇ ಪ್ರತಿಯಿಂದ ಬೇರೆ ಬೀಸ್ಟ್ ಎದ್ದು ಬರುತ್ತಾನೆ. 2024ರಲ್ಲಿ ಶುರುವಾದ ಎಕ್ಸ್-ಮೆನ್ ತಂಡದಲ್ಲಿರುವವನು ಇವನೇ. ಇವನಿಗೆ ಯಾವ ಕಾಲದ ತನಕ ನೆನಪಿದೆ ಗೊತ್ತಾ? ಅವೆಂಜರ್ಸ್ ಜೊತೆ ಓಡಾಡಿಕೊಂಡಿದ್ದ ಆ ಹಳೇ ಕಾಲದ ತನಕ. ಮುಂದೆ ತಾನು ಏನೇನು ಮಾಡಿದೆ ಅನ್ನುವುದನ್ನು ಬೇರೆಯವರ ಬಾಯಿಂದ ಕೇಳಬೇಕು.

ಮೊಬೈಲ್ ಕೆಳಗಿಟ್ಟು ಸುಮ್ನೆ ಕೂತೆ. ಕಥೆ ಬರೆಯುವವರಿಗೂ ಒಳ್ಳೆಯ ಬೀಸ್ಟ್ ಬೇಕು ಅಂದಾಗ ಅವನು ನಗುತ್ತಿದ್ದ ಜಾಗಕ್ಕೇ ಹೋಗಬೇಕಾಯಿತು. ಆ ಬಿಲ್ ಪುಸ್ತಕದ ಆದೇಶಕ್ಕೆ ಇವತ್ತು ನನ್ನ ಸಹಿ ಇದೆ ಅಂತ ತಿಳಿ.

ಸ್ಪೈಡರ್-ಮ್ಯಾನ್ ವಿಷಯದಲ್ಲಿ ಮಾತ್ರ ನಾನೇ ಸರಿ. ಅವನ ಜಾಗ ಫ್ಯಾಂಟಾಸ್ಟಿಕ್ ಫೋರ್, ಅವೆಂಜರ್ಸ್ ಅಲ್ಲ. 2005ರಿಂದ ಅವೆಂಜರ್ಸ್ ಪುಸ್ತಕಗಳಲ್ಲಿ ಅವನನ್ನು ನೋಡು, ದೊಡ್ಡವರ ಮಧ್ಯೆ ಜೋಕ್ ಹೊಡೆಯುವ ಹುಡುಗ, ಅಷ್ಟೇ. ಫ್ಯಾಂಟಾಸ್ಟಿಕ್ ಫೋರ್ ಬೇರೆ. ಅದು ಮನೆ. ವಿಜ್ಞಾನ ಮಾತಾಡಲು ರೀಡ್ ಇದ್ದಾನೆ, ಕಿತ್ತಾಡಲು ತನ್ನ ವಯಸ್ಸಿನ ಜಾನಿ ಇದ್ದಾನೆ. 1963ರಲ್ಲಿ ಅವನ ಹೆಸರಿನ ಪುಸ್ತಕದ ಮೊದಲ ಸಂಚಿಕೆಯಲ್ಲೇ ಅವನು ಅಲ್ಲಿಗೆ ಹೋಗಿದ್ದ. ಕಿಟಕಿಯಿಂದ ನುಗ್ಗಿ, ನಾಲ್ವರ ಜೊತೆ ಹೊಡೆದಾಡಿ, ನಾನು ನಿಮ್ಮ ತಂಡ ಸೇರುತ್ತೇನೆ, ಸಂಬಳ ಎಷ್ಟು ಅಂತ ಕೇಳಿದ. ಇಲ್ಲಿ ಯಾರಿಗೂ ಸಂಬಳ ಇಲ್ಲ ಅಂದರು. ವಾಪಸ್ ಬಂದ. ಮನೆ ಬಾಡಿಗೆ ಕಟ್ಟಬೇಕಿತ್ತು ಅವನಿಗೆ. ಮೇ ಅತ್ತೆ ಒಡವೆ ಅಡವಿಡುವ ಸ್ಥಿತಿ. 2011ರಲ್ಲಿ ಜಾನಿ ಸತ್ತ ಮೇಲೆ ಅವನದೇ ಕೊನೆಯ ಮಾತಿನ ಪ್ರಕಾರ ಪೀಟರ್, ಅಂದರೆ ನಮ್ಮ ಸ್ಪೈಡರ್-ಮ್ಯಾನ್, ಬಿಳಿ ಬಟ್ಟೆ ತೊಟ್ಟು ಆ ಮನೆಯ ಮೇಜಿಗೆ ಬಂದು ಕೂತ. ನಲವತ್ತೆಂಟು ವರ್ಷ ತಡವಾಗಿ. ಆಮೇಲೆ ಜಾನಿ ಬದುಕಿ ಬಂದ, ಅದು ಕಾಮಿಕ್ಸ್, ಬರಲೇಬೇಕು. ಆದರೆ ಆ ಮೇಜಿನ ಸುತ್ತ ಮಕ್ಕಳ ಗಲಾಟೆಯ ನಡುವೆ ಕೂತ ಪೀಟರ್‌ನನ್ನು ನೋಡಿದರೆ ಇವನು ಇಲ್ಲಿಯವನೇ ಅನಿಸುತ್ತದೆ.

ಸಂಬಳದ ಮಾತು ಬಂತಲ್ಲ. ಆ ಸಂಚಿಕೆ ನಾನು ಎಷ್ಟು ಸಲ ಓದಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಇರಲಿ.

ಶೀ-ಹಲ್ಕ್ ಬಗ್ಗೆ ನಮಗೆ ಜಗಳವೇ ಇಲ್ಲ. 1984ರಲ್ಲಿ ಆ ನಾಲ್ವರಲ್ಲಿ ಒಬ್ಬನಾದ ಬೆನ್ ದೂರದ ಲೋಕದಲ್ಲೇ ಉಳಿದುಕೊಂಡಾಗ ಅವನ ಜಾಗಕ್ಕೆ ಫ್ಯಾಂಟಾಸ್ಟಿಕ್ ಫೋರ್ ಸೇರಿದಳು. ಅವೆಂಜರ್ಸ್‌ನಲ್ಲಿ ಅವಳು ಹಲ್ಕ್‌ನ ಕಸಿನ್, ಇಲ್ಲಿ ಬರೀ ಜೆನ್. ಇನ್ನೊಬ್ಬರ ಕುರ್ಚಿಯಲ್ಲಿ ಕೂತರೂ ನೀನು ಬೆನ್ ಥರ ಇರು ಅಂತ ಯಾರೂ ಹೇಳಲಿಲ್ಲ. ಜಾನ್ ಬರ್ನ್ ಬರೆದ ಆ ಪುಟಗಳಷ್ಟು ಆರಾಮಾಗಿ ಅವಳು ಬೇರೆಲ್ಲೂ ಕಾಣಲಿಲ್ಲ. ಇಬ್ಬರದೂ ಸಹಿ ಇದೆ, ಮುಗಿಯಿತು.

ನಾನು ನಿಜವಾಗಿ ಬರೆಯಲು ಕೂತಿದ್ದು ಸೈಬಾರ್ಗ್ ಬಗ್ಗೆ. ಸುತ್ತಿ ಬಳಸಿ ಬಂದೆ.

ಅವನ ಅಸಲಿ ಹೆಸರು ವಿಕ್ಟರ್ ಸ್ಟೋನ್. 1980ರಲ್ಲಿ ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಕಟ್ಟಿದ ಹೊಸ ಟೀನ್ ಟೈಟನ್ಸ್ ತಂಡದ ಹುಡುಗ. ಆಟಗಾರ, ಗಟ್ಟಿ ಮೈ. ವಿಜ್ಞಾನಿ ಅಪ್ಪ ಅಮ್ಮನ ಲ್ಯಾಬಿನಲ್ಲಿ ಅನಾಹುತ ಆಗಿ ಅಮ್ಮ ಸತ್ತಳು, ಇವನ ಅರ್ಧ ಮೈ ಹೋಯಿತು. ಅಪ್ಪ ಯಂತ್ರ ಜೋಡಿಸಿ ಉಳಿಸಿದ. ಯಾಕೆ ಉಳಿಸಿದೆ ಅಂತ ಇವನಿಗೆ ಅಪ್ಪನ ಮೇಲೆ ಸಿಟ್ಟು. ಆಮೇಲೆ ಟೈಟನ್ಸ್ ಸಿಕ್ಕರು. ಅನ್ಯಗ್ರಹದ ಹುಡುಗಿ, ಹಸಿರು ಮೈಯ ಹುಡುಗ, ಮಾತೇ ಆಡದ ರೇವನ್. ಎಲ್ಲರೂ ಮನೆ ಕಳೆದುಕೊಂಡವರೇ. ಅವರ ಆ ಟಿ ಆಕಾರದ ಕಟ್ಟಡ ಕಟ್ಟಿಸಿಕೊಟ್ಟಿದ್ದು ಇವನ ಅಪ್ಪನೇ. ಆ ಅಪ್ಪ ಸಾಯುವ ಮೊದಲು ಇಬ್ಬರೂ ರಾಜಿಯಾದರು. 1981ರ ಇನ್ನೊಂದು ಸಂಚಿಕೆ ಇದೆಯಲ್ಲ, ಪಾರ್ಕಿನಲ್ಲಿ ಕೃತಕ ಕೈ ಹಾಕಿಕೊಂಡ ಮಕ್ಕಳು ಇವನನ್ನು ನೋಡಿ ಹೆದರುವುದಿಲ್ಲ, ಖುಷಿಪಡುತ್ತವೆ. ನೀನು ಅದನ್ನು ಓದುವಾಗ ಗಿರಾಕಿ ಬಂದು ನಿಂತಿದ್ದರೂ ತಲೆ ಎತ್ತಲಿಲ್ಲ.

2011ರಲ್ಲಿ ಈ ಕಥೆಗಳನ್ನು ಪ್ರಕಟಿಸುವ ಡಿಸಿ ಕಂಪನಿಯವರು ತಮ್ಮ ಲೋಕವನ್ನು ಮೊದಲಿನಿಂದ ಶುರು ಮಾಡಿದರು. ಜೆಫ್ ಜಾನ್ಸ್, ಜಿಮ್ ಲೀ ಮಾಡಿದ ಹೊಸ ಜಸ್ಟಿಸ್ ಲೀಗ್‌ನಲ್ಲಿ, ಅಂದರೆ ಡಿಸಿಯ ದೊಡ್ಡ ತಂಡದಲ್ಲಿ, ಸೈಬಾರ್ಗ್ ಏಳು ಸ್ಥಾಪಕರಲ್ಲಿ ಒಬ್ಬನಾದ. 1960ರ ಮೊದಲ ಏಳು ಜನರಲ್ಲಿ ಆ ಕುರ್ಚಿ ಮಾರ್ಷಿಯನ್ ಮ್ಯಾನ್‌ಹಂಟರ್‌ನದು. ಅವನನ್ನು ಎತ್ತಿ ಸ್ಟಾರ್ಮ್‌ವಾಚ್ ಅನ್ನುವ ಬೇರೆ ತಂಡಕ್ಕೆ ಹಾಕಿದರು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪಕ್ಕದಲ್ಲಿ ಮೊದಲ ದಿನದಿಂದ ಒಬ್ಬ ಕಪ್ಪು ಹುಡುಗ ನಿಂತ, ಅದು ದೊಡ್ಡ ವಿಷಯವೇ, ಇಲ್ಲ ಅನ್ನುವುದಿಲ್ಲ. ನಾನು ಆಗ ಕುಣಿದಾಡಿದ್ದೆ. ಬಡ್ತಿ ಸಿಕ್ಕಿತು, ಸಣ್ಣ ತಂಡದಿಂದ ದೊಡ್ಡ ತಂಡಕ್ಕೆ ಹೋದ ಅಂದಿದ್ದೆ. ನೀನು ಮಾತ್ರ ಪುಟ ತಿರುಗಿಸುತ್ತಾ ಕೇಳಿದೆ, "ಟೈಟನ್ಸ್ ಎಲ್ಲಿ?" ಇರಲಿಲ್ಲ. ಈ ಹೊಸ ಕಥೆಯಲ್ಲಿ ಅವನು ಸೀದಾ ಲೀಗ್‌ನಲ್ಲೇ ಹುಟ್ಟಿದ್ದ. ಹಸಿರು ಹುಡುಗನ ಜೊತೆಗಿನ ಆ ವರ್ಷಗಳು ನಡೆದೇ ಇರಲಿಲ್ಲ. ಲೀಗ್‌ನಲ್ಲಿ ಅವನ ಕೆಲಸ ಏನು? ಬಹಳಷ್ಟು ಸಲ ಪರದೆ ನೋಡುವುದು, ಬೇರೆಯವರಿಗೆ ಹೋಗಿಬರಲು ದಾರಿ ತೆರೆದುಕೊಡುವುದು. ದೊಡ್ಡ ಮೇಜು, ಗಟ್ಟಿ ಕುರ್ಚಿ, ಪಕ್ಕದಲ್ಲಿ ಗೆಳೆಯ ಇಲ್ಲ.

ಕಳೆದ ತಿಂಗಳು ನನ್ನದೊಂದು ವಿಡಿಯೋ ಬಂತಲ್ಲ, ಕನ್ನಡ ಅಕ್ಷರ ವಿನ್ಯಾಸದ ಬಗ್ಗೆ ಮಾತಾಡಿದ್ದು. ಅದರಲ್ಲಿ ಒಬ್ಬ ಹುಡುಗಿ ಕೇಳಿದಳು, ಸರ್, ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯದ ಹಾಗೆ ಇಷ್ಟು ಚೆನ್ನಾಗಿ ಜಾಗ ಬಿಡುವುದನ್ನು ಎಲ್ಲಿ ಕಲಿತಿರಿ ಅಂತ. ನಾನು ಏನಂದೆ? "ಸ್ವಂತ ಕಲಿತದ್ದು. ಬೆಂಗಳೂರಿಗೆ ಬಂದ ಮೇಲೆ, ಇಲ್ಲಿ ಕೆಲಸ ಮಾಡುತ್ತಾ."

ಸುಳ್ಳು. ನಿನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕಲಿತದ್ದು. ಕೋರಲ್‌ಡ್ರಾದಲ್ಲಿ ನುಡಿ ಫಾಂಟ್ ಹಾಕಿ, 'ಜ್ಯೇಷ್ಠ ಪುತ್ರ' ಅನ್ನುವ ಸಾಲನ್ನು ನೀನು ಹನ್ನೊಂದು ಸಲ ಮೇಲೆ ಕೆಳಗೆ ಮಾಡಿ ತೋರಿಸಿದ ರಾತ್ರಿ ಕಲಿತದ್ದು. ನಾನು ಬರೆದುಕೊಂಡ ನನ್ನ ಪರಿಚಯದಲ್ಲಿ ಮೈಸೂರಿನ ಆ ಮೂರು ವರ್ಷಗಳೇ ಇರಲಿಲ್ಲ. ನಾನೇ ತೆಗೆದದ್ದು. ಇಲ್ಲಿಗೆ ಬಂದ ಮೊದಲ ವಾರವೇ ತೆಗೆದೆ. ಫ್ಲೆಕ್ಸ್ ಅಂಗಡಿ ಅಂದರೆ ಚೆನ್ನಾಗಿರುವುದಿಲ್ಲ ಅನಿಸಿತ್ತು. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ, ಅಷ್ಟು ರೂಢಿಯಾಗಿದೆ. ಆ ವಿಡಿಯೋಗೆ ನೀನು ಲೈಕ್ ಒತ್ತಿದ್ದೀಯ. "ಸೂಪರ್ ಮಗಾ" ಅಂತ ಬರೆದಿದ್ದೀಯ. ಪೂರ್ತಿ ನೋಡಿದ ಮೇಲೆ ಬರೆದೆಯಾ ಅಂತ ಕೇಳಲು ನನಗೆ ಧೈರ್ಯ ಬಂದಿಲ್ಲ.

ಇನ್ನೊಂದು ಇದೆ. 1983ರಲ್ಲಿ ಬ್ಯಾಟ್‌ಮ್ಯಾನ್ ಜಸ್ಟಿಸ್ ಲೀಗ್ ಬಿಟ್ಟು ಔಟ್‌ಸೈಡರ್ಸ್ ಕಟ್ಟಿದ. ಸಿಕ್ಕಿಬಿದ್ದ ತನ್ನವನೊಬ್ಬನನ್ನು ಬಿಡಿಸಲು ಲೀಗ್ ಬರಲ್ಲ ಅಂದಿತು, ಇವನು ಎಲ್ಲರ ಎದುರಿಗೆ ನಿಂತು ನಾನು ಹೊರಟೆ ಅಂದ. ಬಿಡುವುದಾದರೆ ಹೀಗೆ ಮುಖ ನೋಡಿ ಹೇಳಿ ಬಿಡಬೇಕು ಅಂತ ನಿನಗೆ ಆ ಪುಟ ಅಂದರೆ ಪ್ರಾಣ. ನಾನು ಅಂಗಡಿ ಬಿಡುವುದನ್ನು ನಿನಗೆ ಹೇಗೆ ತಿಳಿಸಿದೆ? ಮೆಸೇಜ್‌ನಲ್ಲಿ. ನೀನು ಶಟರ್ ತೆಗೆಯುವ ಹೊತ್ತಿಗೆ ಸಿಗಲಿ ಅಂತ ಬೆಳಗ್ಗೆ ಎಂಟೂವರೆಗೆ ಕಳಿಸಿದ್ದೆ. ಸಂಬಳ ಬೇಕಿತ್ತು, ಮನೆಯಲ್ಲಿ ಸಾಲ ಇತ್ತು, ಅದೆಲ್ಲ ನಿಜ. ಆದರೆ ಎದುರಿಗೆ ಬಂದು ಹೇಳಿದ್ದರೆ ನೀನು ಹೋಗು ಅನ್ನುತ್ತಿದ್ದೆ. ಹೋಗು ಅಂತ ನಗುತ್ತಾ ಹೇಳುವ ನಿನ್ನ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಹೋಗಬೇಡ ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ಇಷ್ಟು ಬರೆಯುವುದು ಇರಲಿಲ್ಲ ಕಣೋ. ಬೀಸ್ಟ್ ಬಗ್ಗೆ ಎರಡು ಮಾತು ಬರೆದು, ಸ್ಪೈಡರ್-ಮ್ಯಾನ್ ವಿಷಯದಲ್ಲಿ ನಿನ್ನನ್ನು ರೇಗಿಸಿ, ಮುಗಿಸೋಣ ಅಂತ ಕೂತಿದ್ದೆ. ಬರೆದದ್ದು ಇರಲಿ, ಅಳಿಸುವುದಿಲ್ಲ. ಆ ವಿಡಿಯೋ ಕೆಳಗೆ ಎಲ್ಲಿ ಕಲಿತೆ, ಯಾರಿಂದ ಕಲಿತೆ ಅಂತ ಬೆಳಗ್ಗೆ ಬರೆದಿದ್ದೇನೆ. ಪರಿಚಯದಲ್ಲೂ ಮೂರು ವರ್ಷ ವಾಪಸ್ ಬಂದಿವೆ, ಅಂಗಡಿಯ ಹೆಸರಿನ ಸಮೇತ. ಸ್ಪೆಲ್ಲಿಂಗ್ ನೋಡು, ನೀನು ಬೋರ್ಡಿಗೆ ಬರೆಸಿದ್ದ ಹಾಗೇ ಇದೆ, ಆ ಜಾಸ್ತಿ ಇರುವ ಒಂದು 'ಎಸ್' ಕೂಡ.

ಈ ಆಷಾಢಕ್ಕೆ ಒಂದು ವಾರ ರಜೆ ಹಾಕಿ ಬರುತ್ತೇನೆ. ಆ ಬಿಲ್ ಪುಸ್ತಕ ಇನ್ನೂ ಇದ್ದರೆ ತೆಗೆದಿಡು, ಸೀಲು ಒಣಗಿದ್ದರೆ ಇಂಕ್ ನಾನು ತರುತ್ತೇನೆ. ಸೈಬಾರ್ಗ್‌ನನ್ನು ಟೈಟನ್ಸ್‌ಗೆ ವಾಪಸ್ ಕಳಿಸುವ ಆದೇಶ ನೀನೇ ಬರೆ. ಎಕ್ಸ್-ಮೆನ್‌ನ ನೈಟ್‌ಕ್ರಾಲರ್ ಮಾತ್ರ ಎಕ್ಸ್‌ಕ್ಯಾಲಿಬರ್ ತಂಡದಲ್ಲೇ ಇರುತ್ತಾನೆ. ಇಂಗ್ಲೆಂಡಿನ ಲೈಟ್‌ಹೌಸ್, ಕೈಯಲ್ಲಿ ಕತ್ತಿ, ಅಲನ್ ಡೇವಿಸ್ ಬರೆದ ಆ ನಗು. ನಿನ್ನದೇ ಸೂತ್ರ ಹಾಕಿ ನೋಡು, ಅವನು ಜಾಸ್ತಿ ನಗುವುದು ಅಲ್ಲೇ. ಇದರಲ್ಲಿ ನಾನು ಸೋಲುವುದಿಲ್ಲ, ವಡೆ ಎರಡು ಪಾಲು ಕೊಟ್ಟರೂ ಇಲ್ಲ.

ನಿನ್ನ,
ಪಾರ್ಟ್ನರ್