ಬಿಸಿಆರ್-ಎಬಿಎಲ್ ರಿಪೋರ್ಟಿನ ಅಂಕಿ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ,

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ಅಳೆಯುವ ನಮ್ಮ ಲ್ಯಾಬಿನ ಬಿಸಿಆರ್-ಎಬಿಎಲ್ ರಿಪೋರ್ಟಿನಲ್ಲಿ ಮುಂದಿನ ತಿಂಗಳಿಂದ ಅಂಕಿ ಬೇರೆ ರೀತಿ ಬರುತ್ತದೆ. ಇಷ್ಟು ದಿನ ನಮ್ಮದೇ ಅಳತೆಯ ಅನುಪಾತ ಬರೆಯುತ್ತಿದ್ದೆವು. ಇನ್ನು ಮುಂದೆ ಅಂತರರಾಷ್ಟ್ರೀಯ ಮಾಪಕದ ಶೇಕಡಾವಾರು ಇರುತ್ತದೆ, ಪಕ್ಕದಲ್ಲಿ ‘ಐಎಸ್’ ಎಂದಿರುತ್ತದೆ. ಹಳೆಯ ರಿಪೋರ್ಟಿನೊಂದಿಗೆ ನೇರವಾಗಿ ಹೋಲಿಸಿ ಗಾಬರಿಯಾಗಬೇಡಿ, ಖುಷಿಯೂ ಪಡಬೇಡಿ.

ಎಬಿಎಲ್ ಎಲ್ಲರ ಜೀವಕೋಶದಲ್ಲೂ ಇರುವ ಜೀನ್. ಕೋಶದ ಬೆಳವಣಿಗೆಯ ಸಂದೇಶ ಸಾಗಿಸುವುದರಲ್ಲಿ ಅದಕ್ಕೂ ಪಾಲಿದೆ, ಹದ್ದುಬಸ್ತಿನಲ್ಲಿರುವವರೆಗೆ ತೊಂದರೆಯಿಲ್ಲ. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತುಂಡಾಗಿ ಅದಲುಬದಲಾಗಿ ಕೂಡಿಕೊಳ್ಳುತ್ತವೆ, 9ರಲ್ಲಿದ್ದ ಎಬಿಎಲ್ ಹೋಗಿ 22ರಲ್ಲಿರುವ ಬಿಸಿಆರ್ ಎಂಬ ಜೀನಿಗೆ ಅಂಟಿಕೊಳ್ಳುತ್ತದೆ. ಈ ಜೋಡಿಯಿಂದ ಹುಟ್ಟುವ ಪ್ರೋಟೀನು ವಾಷರ್ ಹೋದ ನಲ್ಲಿಯಂತೆ, ನಿಲ್ಲುವುದೇ ಇಲ್ಲ. ಬಿಳಿರಕ್ತಕಣಗಳು ಹೆಚ್ಚುತ್ತಲೇ ಹೋಗುತ್ತವೆ. ಮೋಟಾದ 22ನೇ ಕ್ರೋಮೋಸೋಮನ್ನು ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು 1960ರಲ್ಲೇ ಗುರುತಿಸಿದ್ದರು. ಕಾಣೆಯಾದ ಚೂರು ಕಳೆದುಹೋಗಿಲ್ಲ, 9ನೆಯದಕ್ಕೆ ಸೇರಿಕೊಂಡಿದೆ ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಇಮ್ಯಾಟಿನಿಬ್ ಮಾತ್ರೆ ಆ ಪ್ರೋಟೀನು ಶಕ್ತಿ ಪಡೆಯುವ ಜಾಗದಲ್ಲೇ ಕೂತು ಅದನ್ನು ತಡೆಯುತ್ತದೆ. ಮಾತ್ರೆ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯಲು ಈ ಪರೀಕ್ಷೆ.

ತೊಡಕು ಇರುವುದು ಅಳತೆಯಲ್ಲಿ. ಒಂದೇ ರಕ್ತಕ್ಕೆ ಎರಡು ಲ್ಯಾಬುಗಳು ಎರಡು ಅಂಕಿ ಕೊಡುತ್ತವೆ, ಏಕೆಂದರೆ ಯಂತ್ರ, ರಾಸಾಯನಿಕ, ವಿಧಾನ ಎಲ್ಲವೂ ಬೇರೆ. ಅದಕ್ಕಾಗಿ ಪ್ರತಿ ಲ್ಯಾಬಿಗೂ ಒಂದು ಪರಿವರ್ತನಾಂಕ ಇರುತ್ತದೆ, ಲ್ಯಾಬಿನ ಅಂಕಿಯನ್ನು ಅದರಿಂದ ಗುಣಿಸಿದರೆ ಐಎಸ್ ಅಂಕಿ ಸಿಗುತ್ತದೆ. ಅದು 0.5 ಎಂದುಕೊಳ್ಳಿ: ಹಳೆಯ ಲೆಕ್ಕದಲ್ಲಿ ಶೇ 0.16 ಬರುತ್ತಿದ್ದ ರಕ್ತ ಹೊಸ ಮಾಪಕದಲ್ಲಿ ಶೇ 0.08 ಆಗುತ್ತದೆ. ಕಾಯಿಲೆ ಇದ್ದಲ್ಲೇ ಇದೆ, ಕಾಗದದ ಮೇಲೆ ಮಾತ್ರ ಅರ್ಧವಾಗಿದೆ. ವೈದ್ಯರು ಎಂಎಂಆರ್ (ಚಿಕಿತ್ಸೆಗೆ ಜೀನ್ ಮಟ್ಟದಲ್ಲಿ ಉತ್ತಮ ಸ್ಪಂದನೆ) ಎನ್ನುವ ಗಡಿ ಶೇ 0.1. ಪ್ರಮಾಣಿತ ಆರಂಭದ ಮಟ್ಟ ಶೇ ನೂರು, ಅದಕ್ಕೆ ಹೋಲಿಸಿದರೆ ಇದು ಸಾವಿರ ಪಟ್ಟು ಇಳಿಕೆ. ಗಮನಿಸಿ, ಆ ನೂರು ನಿಮ್ಮ ಸ್ವಂತ ಮೊದಲ ರಿಪೋರ್ಟಿನ ಅಂಕಿಯಲ್ಲ. ಬಹಳ ಮಂದಿ ಇಲ್ಲೇ ಎಡವುತ್ತಾರೆ.

ಹಳೆಯ ರಿಪೋರ್ಟುಗಳನ್ನು ಮನೆಯಲ್ಲಿ ನೀವೇ ಗುಣಿಸಿಕೊಳ್ಳಬೇಡಿ. ಪರಿವರ್ತನಾಂಕವನ್ನು ಕಾಲಕಾಲಕ್ಕೆ ಮರುಪರಿಶೀಲಿಸುವುದರಿಂದ ಎಲ್ಲ ವರ್ಷಗಳಿಗೂ ಒಂದೇ ಅಂಕ ಹೊಂದುವುದಿಲ್ಲ. ಮುಂದಿನ ಎರಡು ರಿಪೋರ್ಟುಗಳಲ್ಲಿ ಹಳೆಯ ಅನುಪಾತ, ಐಎಸ್ ಅಂಕಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ. ಎರಡನ್ನೂ ವೈದ್ಯರಿಗೆ ತೋರಿಸಿ. ಅಂಕಿ ಇಳಿದು ಕಂಡಿತೆಂದು ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಬಿಸಿಆರ್-ಎಬಿಎಲ್ ಕೂಡುಜೀನಿನಲ್ಲೇ ಪಿ190 ಎಂಬ ಬೇರೆ ಬಗೆ ಇರುವವರಿಗೆ ಈ ಮಾಪಕ ಅನ್ವಯಿಸುವುದಿಲ್ಲ, ಅವರ ರಿಪೋರ್ಟು ಮೊದಲಿನಂತೆಯೇ ಬರುತ್ತದೆ. ಜೆಎಕೆ2, ಎಫ್‌ಎಲ್‌ಟಿ3 ಎಂಬ ಬೇರೆ ಜೀನ್‌ಗಳ ಪರೀಕ್ಷೆಗಳಲ್ಲೂ ಬದಲಾವಣೆಯಿಲ್ಲ.

ಸ್ಯಾಂಪಲ್ ಕಳಿಸುವವರಿಗೆ: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನೇ ಬಳಸಿ. ಹಸಿರು ಮುಚ್ಚಳದ ಟ್ಯೂಬಿನ ಹೆಪಾರಿನ್ ಈ ಪರೀಕ್ಷೆ ನಡೆಸುವ ಪಿಸಿಆರ್ ವಿಧಾನಕ್ಕೆ ಅಡ್ಡಿಯಾಗುತ್ತದೆ. ಪರೀಕ್ಷೆಯಲ್ಲಿ ಅಳೆಯುವ ಆರ್‌ಎನ್‌ಎ (ಜೀನಿನ ನಕಲು) ಬೇಗ ಹಾಳಾಗುವುದರಿಂದ ರಕ್ತ ತೆಗೆದ ದಿನವೇ ತಲುಪಿಸಿ.

ಇಂತಿ,
ಪ್ರಯೋಗಾಲಯದ ಪರವಾಗಿ