ಹಳೇ ನಾಣ್ಯದ ಅಂಗಡಿಯೂ ಮುಚ್ಚಿತು

ಸಂಪಾದಕರೇ,

ಬೆಂಗಳೂರಿನ ಪೇಟೆಯಲ್ಲಿದ್ದ ಹಳೇ ನಾಣ್ಯ, ನೋಟುಗಳ ಅಂಗಡಿ ಬಾಗಿಲು ಹಾಕಿದೆ. ವ್ಯಾಪಾರ ಆನ್‌ಲೈನ್‌ಗೆ ಹೋಯಿತು, ಬಾಡಿಗೆ ಏರಿತು. ಕಾರಣ ಹೊಸದೇನಲ್ಲ. ಆದರೆ ಹವ್ಯಾಸಿಗಳಿಗೆ ಅದು ಬರೀ ಅಂಗಡಿ ಆಗಿರಲಿಲ್ಲ. ಮೈಸೂರು ಒಡೆಯರ ಕಾಲದ, ಬೇಳೆಯಷ್ಟೇ ಅಗಲದ ಚಿನ್ನದ ನಾಣ್ಯವಾದ ಕಂಠೀರಾಯಿ ಹಣದ ಮೇಲೆ ನರಸಿಂಹನನ್ನು ಗುರುತಿಸುವುದು, ಟಿಪ್ಪುವಿನ ಆನೆ ಕಾಸುಗಳಲ್ಲಿ ಅಸಲಿ ಯಾವುದು, ಎರಕ ಹೊಯ್ದ ನಕಲಿ ಯಾವುದು ಅಂತ ಅಂಚು, ತೂಕ ನೋಡಿ ಹೇಳುವುದು, ಇದೆಲ್ಲ ಕೈಯಲ್ಲಿ ಹಿಡಿದೇ ಕಲಿಯಬೇಕು. ಮೊಬೈಲ್ ಫೋಟೊದಲ್ಲಿ ಆಗುವ ಕೆಲಸವಲ್ಲ. ಏನೂ ಕೊಳ್ಳದೆ ಎದ್ದು ಬಂದರೂ ಅಲ್ಲಿ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ ಅನ್ನಿ.

ಈಗ ಹೊಸಬರು ಯಾರನ್ನು ಕೇಳಬೇಕು? ಹಳೇ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಅನ್ನುವ ಜಾಹೀರಾತು ನಂಬಿ, ಮೊದಲೇ ‘ಕಮಿಷನ್’ ಕಟ್ಟಿ ಮೋಸ ಹೋಗುವವರಿದ್ದಾರೆ. ತನ್ನ ಹೆಸರಲ್ಲಿ ಹೀಗೆ ದುಡ್ಡು ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿತ್ತು. 2016ರಲ್ಲಿ ರದ್ದಾದ ನೋಟುಗಳನ್ನು ಸಂಗ್ರಹಕ್ಕೆಂದು 25ಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ ಎಂಬ 2017ರ ಕಾಯ್ದೆಯೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದವರು ತಿಂಗಳಿಗೊಂದು ಭಾನುವಾರ ನಾಣ್ಯ ಗುರುತಿಸುವ ಶಿಬಿರ ಇಡಬಹುದಲ್ವಾ? ಒಂದು ಮೇಜು, ಒಂದು ಭೂತಗನ್ನಡಿ, ತಿಳಿದವರೊಬ್ಬರು ಇದ್ದರೆ ಸಾಕು.

– ಒಬ್ಬ ಹವ್ಯಾಸಿ ಸಂಗ್ರಾಹಕ, ಬೆಂಗಳೂರು