ಇನ್ನೂರು ಕವರಿಗೆ ವಿಳಾಸ ಬರೆಯಲು ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ತಂಗಿಯ ಮದುವೆ ಕಾಗದದ ಇನ್ನೂರು ಕವರಿಗೂ ವಿಳಾಸ ನಾನೇ ಬರೆಯುತ್ತೇನೆ ಎಂದು ಮನೆಯಲ್ಲಿ ಒಪ್ಪಿಕೊಂಡಿದ್ದೀಯಂತೆ. ಒಳ್ಳೆಯದೇ. ಯಾವ ಪೆನ್ನು ಕೊಳ್ಳಲಿ ಎಂದು ಕೇಳಿದ್ದೀ. ಪೆನ್ನಿನ ಮಾತು ಆಮೇಲೆ ಮಾರಾಯಾ, ಮೊದಲು ಕವರು ಯಾವುದೆಂದು ನೋಡು. ಈ ಕೆಲಸದಲ್ಲಿ ಕೆಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕವರಿನ ಕಾಗದದಿಂದ ಕೆಡುತ್ತದೆ. ಉಳಿದದ್ದು ಒತ್ತಕ್ಷರಕ್ಕೆ ಜಾಗ ಬಿಡದೆ ಕೆಡುತ್ತದೆ.

ಮಂಗಳೂರಿನ ಹಂಪನಕಟ್ಟೆಯ ಕಾರ್ಡಿನ ಅಂಗಡಿಗೆ ಹೋದರೆ ನಿನ್ನೆದುರು ಹರಡುವ ಕವರುಗಳಲ್ಲಿ ಮುಖ್ಯವಾಗಿ ಮೂರು ಜಾತಿ ಉಂಟು. ಹೊಳಪಿಲ್ಲದ ಸಾದಾ ಕಾಗದದ್ದು, ಮುತ್ತಿನ ಹಾಗೆ ಮಿನುಗುವ ಮೆಟಾಲಿಕ್, ಮತ್ತೆ ನಾರು ಎದ್ದು ಕಾಣುವ ಹ್ಯಾಂಡ್‌ಮೇಡ್. ನೋಡಲು ಚಂದ ಕಾಣುವ ಕೊನೆಯ ಎರಡೂ ಬರೆಯುವವನಿಗೆ ಕಷ್ಟ ಕೊಡುತ್ತವೆ. ಹ್ಯಾಂಡ್‌ಮೇಡ್ ಕಾಗದದಲ್ಲಿ ಅಂಟಿನ ಲೇಪ ಕಡಿಮೆಯಿದ್ದರೆ ಶಾಯಿ ನಾರಿನುದ್ದಕ್ಕೂ ಓಡಿ ಅಕ್ಷರದ ಅಂಚಿನಲ್ಲಿ ಬೇರು ಬಿಡುತ್ತದೆ. ಮೆಟಾಲಿಕ್ ಶಾಯಿಯನ್ನು ಕುಡಿಯುವುದೇ ಇಲ್ಲ. ಶಾಯಿ ಮೇಲೆ ನಿಂತು, ತಾಸುಗಟ್ಟಲೆ ಒಣಗದೆ, ಮುಂದಿನ ಕವರು ಮೇಲಿಟ್ಟ ಕೂಡಲೇ ಅದರ ಬೆನ್ನಿಗೆ ಹತ್ತುತ್ತದೆ. ನಿನ್ನ ಕೈಗೆ ಬಿಟ್ಟಿದ್ದರೆ 100ರಿಂದ 120 ಜಿಎಸ್‌ಎಮ್‌ನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಸಾದಾ ನಯ ಕಾಗದವನ್ನೇ ಆರಿಸು. 80ಕ್ಕಿಂತ ತೆಳುವಾದರೆ ಒದ್ದೆ ನಿಬ್ಬಿಗೆ ಕಾಗದ ಸುಕ್ಕುಗಟ್ಟುತ್ತದೆ.

ಇನ್ನೂರು ಬೇಕಾದರೆ 230 ತೆಗೆದುಕೋ. ತಪ್ಪಿಗೆ, ಪರೀಕ್ಷೆಗೆ, ಕೊನೆಯ ವಾರದಲ್ಲಿ ‘ಅಯ್ಯೋ ಅವರನ್ನು ಬಿಟ್ಟೆವು’ ಎಂದು ನೆನಪಾಗುವ ಮನೆಗಳಿಗೆ ಅಷ್ಟು ಬೇಕೇ ಬೇಕು. ದುಡ್ಡು ಕೊಡುವ ಮೊದಲು ಒಂದೇ ಒಂದು ಕವರು ಮನೆಗೆ ತಂದು ಮುಚ್ಚಳದ ಒಳಬದಿಯಲ್ಲಿ ‘ಶ್ರೀ’ ಬರೆದು ನೋಡು. ಒಂದು ನಿಮಿಷದಲ್ಲಿ ಅಂಚು ಹಬ್ಬಿತೋ ಇಲ್ಲವೋ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ಒಣ ಬೆರಳಲ್ಲಿ ಒಮ್ಮೆ, ಒದ್ದೆ ಬೆರಳಲ್ಲಿ ಒಮ್ಮೆ ಉಜ್ಜು. ಸ್ವಲ್ಪವೇ ಹಬ್ಬಿದರೆ ಡಿಪ್ ಪೆನ್ನಿನ (ಅದ್ದಿ ಅದ್ದಿ ಬರೆಯುವ ಪೆನ್ನಿನ) ಶಾಯಿಗೆ ಒಂದೆರಡು ಹನಿ ಗಮ್ ಅರೇಬಿಕ್ ಎಂಬ ಗೋಂದು ಹಾಕಿದರೆ ಹಿಡಿತಕ್ಕೆ ಬರುತ್ತದೆ. ತುಂಬ ಹಬ್ಬಿದರೆ ಆ ಕವರು ಬೇಡ.

ಈಗ ಜಾಗದ ಲೆಕ್ಕ. ನೀನು ಕಲಿತದ್ದು ಇಂಗ್ಲಿಷ್ ಕ್ಯಾಲಿಗ್ರಫಿ. ಅದರ ಗೆರೆಹಾಳೆಯನ್ನು ಕನ್ನಡಕ್ಕೆ ಹಾಗೆಯೇ ಬಳಸಿದರೆ ಮೂರನೆಯ ಸಾಲಿಗೆ ಬರುವಾಗ ಒತ್ತಕ್ಷರವೂ ಗುಡಿಸೂ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವ ಅಕ್ಷರ ಬೆರಳೆಣಿಕೆಯಷ್ಟು. ನಮ್ಮಲ್ಲಿ ಶೆಟ್ಟಿ, ಬಲ್ಲಾಳ, ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ಎಂದು ಒಂದೊಂದು ಹೆಸರೂ ಇಳಿಯುತ್ತದೆ. ‘ಸುಬ್ರಹ್ಮಣ್ಯ’ದಲ್ಲಂತೂ ಮೂರು ಒತ್ತು ಸಾಲಾಗಿ ಕೂರಬೇಕು. ಮೇಲೂ ಅಷ್ಟೆ: ಭಟ್, ರಾವ್, ಕಾಮತ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಬಾಲ ತಲೆಕಟ್ಟಿಗಿಂತ ಎತ್ತರಕ್ಕೆ ಹೋಗುತ್ತದೆ.

ವಿಳಾಸಕ್ಕೆ 1.1 ಮಿ.ಮೀ. ನಿಬ್ಬು, ಹೆಸರಿಗೆ 1.5 ಎಂದಿಟ್ಟುಕೋ. ಅಕ್ಷರದ ಮೈ ನಿಬ್ಬಿನ ಅಗಲದ ನಾಲ್ಕೂವರೆ ಪಟ್ಟು ಎತ್ತರವಿದ್ದರೆ ಕಣ್ಣಿಗೆ ಹಿತ. ಅಂದರೆ 1.1ಕ್ಕೆ ಮೈ 5 ಮಿ.ಮೀ. ಅದರ ಮೇಲೆ ಗುಡಿಸಿಗೆ 2, ಕೆಳಗೆ ಒತ್ತಿಗೆ 4, ಗಾಳಿಯಾಡಲು 1: ಒಟ್ಟು 12 ಮಿ.ಮೀ.ಗೆ ಒಂದು ಸಾಲು. 1.5ರ ಹೆಸರಿನ ಸಾಲಿಗೆ ಮೈ 7, ಮೇಲೆ 3, ಕೆಳಗೆ 5, ಗಾಳಿ 1 ಸೇರಿ 16. ಕವರು ಒಂಬತ್ತು ಇಂಚಿಗೆ ನಾಲ್ಕು ಇಂಚಿನದ್ದಾದರೆ ಎತ್ತರ 102 ಮಿ.ಮೀ. ಸ್ಟ್ಯಾಂಪು ಮತ್ತು ಅಂಚೆ ಮುದ್ರೆಗೆ ಮೇಲೆ 25 ಬಿಡು, ಅಡಿಯಲ್ಲಿ 12 ಬಿಡು. ಹೆಸರಿನ ಒಂದು ಸಾಲು ಮತ್ತು ವಿಳಾಸದ ನಾಲ್ಕು ಸಾಲು ಸೇರಿ 64. ಒಟ್ಟು 101. ವಿಳಾಸಕ್ಕೆ ಐದನೆಯ ಸಾಲು ಬೇಕೆಂದರೆ ಜಾಗವಿಲ್ಲ ಎಂಬುದು ಬರೆಯಲು ಕೂರುವ ಮೊದಲೇ ಗೊತ್ತಾಯಿತಲ್ಲ? ಉದ್ದದ ವಿಳಾಸವಿದ್ದರೆ ತಾಲೂಕು, ಜಿಲ್ಲೆಗಳನ್ನು ಒಂದೇ ಸಾಲಿಗೆ ತಾ. ಅಕ್ಷರ ಕುಗ್ಗಿಸಲು ಹೋಗಬೇಡ. ಮೈ ಕುಗ್ಗಿದರೆ ಅದೇ ನಿಬ್ಬಿನಲ್ಲಿ ‘ಘ’, ‘ಣ’, ‘ಥ’ದ ಹೊಟ್ಟೆ ಮುಚ್ಚಿಹೋಗುತ್ತದೆ.

ಈ ಅಳತೆಯ ಗೆರೆಹಾಳೆಯೊಂದನ್ನು ದಪ್ಪ ಕಪ್ಪು ಗೆರೆಯಲ್ಲಿ ಮಾಡಿ ಕವರಿನ ಒಳಗೆ ತೂರಿಸು, ಅಡಿಯಲ್ಲಿ ಎಲ್‌ಇಡಿ ಲೈಟ್ ಪ್ಯಾಡ್ ಇಡು. ತಿಳಿ ಬಣ್ಣದ ಕವರಿನಲ್ಲಿ ಗೆರೆ ಮೇಲಕ್ಕೆ ಕಾಣುತ್ತದೆ, ಪೆನ್ಸಿಲೂ ಬೇಡ, ರಬ್ಬರೂ ಬೇಡ. ಒಳಗೆ ಚಿತ್ರದ ಲೈನಿಂಗ್ ಇದ್ದರೆ ಅಥವಾ ಕವರು ಮೆರೂನ್, ಕಡು ಹಸಿರು ಇದ್ದರೆ ಈ ಉಪಾಯ ನಡೆಯದು. ಆಗ ಸ್ಲೇಟಿನ ಬಳಪವನ್ನು ಚೂಪು ಮಾಡಿ ನವಿರಾಗಿ ಗೆರೆ ಎಳೆ. ಶಾಯಿ ಪೂರ್ತಿ ಒಣಗಿದ ಮೇಲೆ, ಎಂದರೆ ಮರುದಿನ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಯಾವ ಕವರಾದರೂ ಸರಿ, ಬರೆಯುವಾಗ ಖಾಲಿ ಇರಬೇಕು. ಕಾರ್ಡು ತುಂಬಿಸಿದ ಮೇಲೆ ಬರೆದರೆ ಅದರ ಅಂಚು ಬಂದಲ್ಲಿ ನಿಬ್ಬು ಎಡವುತ್ತದೆ. ಬೆನ್ನಿನ ಅಂಟುಪಟ್ಟಿಯ ಉಬ್ಬೂ ಹಾಗೆಯೇ ಮಾಡುತ್ತದೆ. ಲೈಟ್ ಪ್ಯಾಡ್ ಬಳಸದಿದ್ದರೆ ಒಳಗೊಂದು ಗಟ್ಟಿ ರಟ್ಟು ತೂರಿಸಿಕೋ.

ಕನ್ನಡಕ್ಕೆ ಚಪ್ಪಟೆ ತುದಿಯ ನಿಬ್ಬೇ ಸರಿ. ಚೂಪು ನಿಬ್ಬು, ಅಂದರೆ ನಿನ್ನ ನಿಕ್ಕೊ ಜಿ, ಒತ್ತಿದಾಗ ಕಾಲು ಬಿಚ್ಚಿ ದಪ್ಪ ಗೆರೆ ಕೊಡುತ್ತದೆ. ಅದು ಕೆಳಮುಖ ಎಳೆತಕ್ಕೆ ಮಾತ್ರ. ನಮ್ಮ ಅಕ್ಷರ ದುಂಡಗೆ ಸುತ್ತಿ ಮೇಲಕ್ಕೆ ಏರುತ್ತದೆ. ಏರುವಾಗ ಸ್ವಲ್ಪ ಭಾರ ಬಿದ್ದರೂ ಬಿಚ್ಚಿದ ಕಾಲು ಕಾಗದದ ನಾರಿಗೆ ಸಿಕ್ಕಿ ಶಾಯಿ ಚಿಮ್ಮುತ್ತದೆ. ಚಪ್ಪಟೆ ನಿಬ್ಬಿನಲ್ಲಿ ದಪ್ಪ-ತೆಳುವನ್ನು ನಿರ್ಧರಿಸುವುದು ಭಾರವಲ್ಲ, ಕೋನ. ಇಂಗ್ಲಿಷ್ ಪಾಠದಲ್ಲಿ ಹೇಳುವ 30 ಡಿಗ್ರಿಯಲ್ಲಿ ಹಿಡಿದರೆ ಅಡ್ಡ ಗೆರೆ ನಿಬ್ಬಿನ ಅಗಲದ ಅರ್ಧಕ್ಕೆ ಇಳಿಯುತ್ತದೆ. 1.5ರ ನಿಬ್ಬಿಗೆ ಬರೇ 0.75 ಮಿ.ಮೀ. ತಲೆಕಟ್ಟು ಸೊರಗಿ ಅಕ್ಷರಕ್ಕೆ ತಲೆಯೇ ಇಲ್ಲದಂತಾಗುತ್ತದೆ. 45 ಡಿಗ್ರಿಯಲ್ಲಿ ಹಿಡಿ. ಅಡ್ಡವೂ ಉದ್ದವೂ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಬರುತ್ತವೆ. ದುಂಡಿನ ಎಡ-ಕೆಳಗೆ ಮತ್ತು ಬಲ-ಮೇಲೆ ದಪ್ಪ, ಎದುರಿನ ಎರಡು ಮೂಲೆಯಲ್ಲಿ ತೆಳು. ಹೀಗೆ ಬಂದರೆ ಕೋನ ಸರಿಯುಂಟು ಎಂದು ತಿಳಿ. ಒತ್ತಕ್ಷರ ಬರೆಯುವಾಗ ಮಣಿಕಟ್ಟು ತಿರುಗಿ ಕೋನ ತಪ್ಪುವುದೇ ಹೆಚ್ಚು, ಅಲ್ಲಿ ಮಾತ್ರ ನಿಧಾನಿಸು.

ಮೊದಲು ತಿದ್ದಬೇಕಾದದ್ದು ‘ಅ ಆ ಇ ಈ’ ಅಲ್ಲ, ‘ಶ್ರೀ’. ಎಲ್ಲ ಕವರಿನಲ್ಲೂ ಬರುವುದು ಅದೇ, ಕಣ್ಣು ಮೊದಲು ಬೀಳುವುದೂ ಅಲ್ಲೇ. ಆಮೇಲೆ ‘ಇವರಿಗೆ’, ‘ಗ್ರಾಮ ಮತ್ತು ಅಂಚೆ’, ‘ತಾಲೂಕು’. ಪಟ್ಟಿಯಲ್ಲಿ ಪದೇ ಪದೇ ಬರುವ ಊರುಗಳನ್ನೂ ಸೇರಿಸಿಕೋ. ಮಹಾಪ್ರಾಣದ ಸೀಳನ್ನು ಮರೆಯಬೇಡ: ಭಟ್ಟರ ‘ಭ’ ಹೊಟ್ಟೆ ಸೀಳದೆ ‘ಬ’ ಆದರೆ ಅವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಆದರೆ ಗಮನಿಸದೆ ಇರುವುದಿಲ್ಲ. ‘ಮ’ ಮತ್ತು ‘ವು’ ಬೇರೆಯಾಗಿ ಕಾಣಬೇಕು. ಕಾರ್ಕಳದ ಅರ್ಕಾವೊತ್ತು ಮುಂದಿನ ‘ಳ’ಕ್ಕೆ ಅಂಟಿಕೊಳ್ಳಬಾರದು.

ಶಾಯಿಯ ವಿಷಯದಲ್ಲಿ ಒಂದೇ ಪ್ರಶ್ನೆ: ನೀರು ತಾಗಿದರೆ ನಿಲ್ಲುತ್ತದೆಯೇ? ಪೈಲಟ್ ಪ್ಯಾರಲಲ್ ಪೆನ್ನು ಆರಂಭಕ್ಕೆ ಒಳ್ಳೆಯದು, 1.5ರ ತುದಿಯೂ ಸಿಗುತ್ತದೆ. ಆದರೆ ಅದರ ಜೊತೆ ಬರುವ ಕಾರ್ಟ್ರಿಜ್ ಡೈ ಶಾಯಿ, ಹನಿ ನೀರು ಬಿದ್ದರೆ ಹರಿಯುತ್ತದೆ. ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್ ಅಥವಾ ಸೈಲರ್ ಕಿವಾಗುರೊದಂಥ ಪಿಗ್ಮೆಂಟ್ ಶಾಯಿ ಹಾಕಿದರೆ ನಿಲ್ಲುತ್ತದೆ. ಕೆಲಸ ಮುಗಿದ ದಿನವೇ ಪೆನ್ನು ತೊಳೆದಿಡಬೇಕು. 1.1ರ ತುದಿ ಪ್ಯಾರಲಲ್‌ನಲ್ಲಿಲ್ಲ, ಲ್ಯಾಮಿ ಜಾಯ್‌ನಲ್ಲಿ ಉಂಟು. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ತುಂಬಿಸಬೇಡ. ಅದರಲ್ಲಿರುವ ಅರಗು ಒಣಗಿ ದಾರಿ ಮುಚ್ಚುತ್ತದೆ, ಪೆನ್ನು ಹೋದ ಹಾಗೆಯೇ. ಡಿಪ್ ನಿಬ್ಬಿಗೆ ಅದು ಧಾರಾಳ ಆಗುತ್ತದೆ.

ಕಡು ಬಣ್ಣದ ಕವರಿಗೆ ಬಿಳಿ ಅಥವಾ ಚಿನ್ನದ ಬಣ್ಣ ಬೇಕು. ಬಿಳಿಗೆ ಗ್ವಾಶ್ ಎಂಬ ದಟ್ಟ ಜಲವರ್ಣ, ಸಿಗದಿದ್ದರೆ ಪೋಸ್ಟರ್ ಕಲರ್. ಬಟಾಣಿ ಕಾಳಿನಷ್ಟು ಬಣ್ಣಕ್ಕೆ ಹತ್ತು-ಹದಿನೈದು ಹನಿ ನೀರು, ಒಂದು ಹನಿ ಗಮ್ ಅರೇಬಿಕ್. ಗಮ್ ಇಲ್ಲದಿದ್ದರೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಚಿನ್ನದ ಬಣ್ಣದ ಪುಡಿ ಬೇಗ ತಳ ಹಿಡಿಯುವುದರಿಂದ ಮೂರು-ನಾಲ್ಕು ಅಕ್ಷರಕ್ಕೊಮ್ಮೆ ಕಲಕಬೇಕು. ಕ್ರೀಮ್ ಕವರಿನ ಮೇಲೆ ಚಿನ್ನದಲ್ಲಿ ವಿಳಾಸ ಬರೆಯಬೇಡ. ಫೋಟೋದಲ್ಲಿ ಚಂದ, ಮಬ್ಬು ಬೆಳಕಿನಲ್ಲಿ ಪೋಸ್ಟ್‌ಮ್ಯಾನ್‌ಗೆ ಖಾಲಿ ಕವರು. ಇನ್ನು ಗ್ವಾಶ್ ಆಗಲಿ ಪೋಸ್ಟರ್ ಕಲರ್ ಆಗಲಿ ನೀರಿಗೆ ನಿಲ್ಲುವುದಿಲ್ಲ. ಆ ಕವರುಗಳನ್ನು ಕೈಯಲ್ಲೇ ಕೊಡುವುದು ಲೇಸು.

ಹೊಸ ಡಿಪ್ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಹಾಗೆಯೇ ಅದ್ದಿದರೆ ಶಾಯಿ ಗುಂಡುಗಟ್ಟಿ ದೊಪ್ಪನೆ ಬೀಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಮೆಲ್ಲಗೆ ಉಜ್ಜಿ ತೊಳೆ. ಎಣ್ಣೆ ಹೋದ ನಿಬ್ಬಿಗೆ ನಮ್ಮ ಕಡಲ ಗಾಳಿ ಒಂದೇ ರಾತ್ರಿಯಲ್ಲಿ ತುಕ್ಕು ತರಬಲ್ಲದು. ಒರೆಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬದಲ್ಲಿಡು.

ಕರಾವಳಿಯ ಹವೆಯ ಬಗ್ಗೆ ಪುಸ್ತಕಗಳು ಹೇಳುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯಿಲ್ಲ ನಿಜ, ಆದರೆ ನವೆಂಬರಿನ ಮದುವೆಗೆ ಕವರು ಬರುವುದು ಮಳೆ ಇನ್ನೂ ಬಿಡದ ಹೊತ್ತಿಗೆ. ತೇವಕ್ಕೆ ಮುಚ್ಚಳದ ಗೋಂದು ತಾನೇ ಕರಗಿ ಖಾಲಿ ಕವರುಗಳು ಅಂಟಿಕೊಂಡುಬಿಡುತ್ತವೆ. ತಂದ ದಿನವೇ ಒಂದೊಂದು ಮುಚ್ಚಳದಡಿಗೂ ಬಟರ್ ಪೇಪರಿನ ಪಟ್ಟಿ ತೂರಿಸಿ, ಮುಚ್ಚುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಡು. ಮೇ ತಿಂಗಳ ಮದುವೆಯಾದರೆ ತೊಂದರೆ ಬೇರೆ, ಬೆವರು. ಅಂಗೈಯ ಬೆವರು, ತಲೆಯ ತೆಂಗಿನೆಣ್ಣೆ ತಾಗಿದ ಜಾಗದಲ್ಲಿ ಶಾಯಿ ಹಿಡಿಯುವುದಿಲ್ಲ, ಅಕ್ಷರ ನಡುವೆ ಕಡಿದಂತೆ ಕಾಣುತ್ತದೆ. ಕೈಯ ಅಡಿಗೆ ಸದಾ ಒಂದು ಹಾಳೆ ಇರಲಿ. ಫ್ಯಾನು ನೇರ ಮೇಲೆ ಬೇಡ, ಡಿಪ್ ನಿಬ್ಬಿನ ಶಾಯಿ ತುದಿಯಲ್ಲೇ ಒಣಗುತ್ತದೆ.

ಅಂದ ಹಾಗೆ, ಕೈಬರಹ ಇಲ್ಲಿಗೆ ಹೊಸತಲ್ಲ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ಅದರಲ್ಲಿ ಕಾಣುವುದು ಸೀಸದ ಮೊಳೆಯ ಅಕ್ಷರವಲ್ಲ, ಕೈಯಲ್ಲಿ ಬರೆದದ್ದೇ. ಪ್ರತಿಯ ಚಿತ್ರ ಎಲ್ಲಾದರೂ ಸಿಕ್ಕರೆ ಸಾಲಿನ ಅಂತರ ನೋಡು.

ವಿಳಾಸದ ಪಟ್ಟಿಯನ್ನು ಬರೆಯುವ ಮೊದಲೇ ಹಿರಿಯರೊಬ್ಬರಿಂದ ಓದಿಸು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶದ ಫೈಲಿನಿಂದ ಯೂನಿಕೋಡಿಗೆ ತಿರುಗಿಸಿದ ಪಟ್ಟಿಯಾದರೆ ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟಿರಬಹುದು. ನೀನು ಕಂಡದ್ದನ್ನೇ ಚಂದವಾಗಿ ತಪ್ಪು ಬರೆಯುತ್ತೀ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಆದರೂ ಹಳೆಯ ಪಟ್ಟಿಗಳಲ್ಲಿ ಕಾರ್ಕಳ, ಕುಂದಾಪುರಗಳ ಮುಂದೆ ಇನ್ನೂ ‘ದ.ಕ.’ ಇರುತ್ತದೆ. ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಈಗ ತಾಲೂಕುಗಳು. ನಮ್ಮೂರಿನ ವಿಳಾಸದಲ್ಲಿ ಬಾಗಿಲ ನಂಬರಿಗಿಂತ ಮನೆಯ ಹೆಸರು ಮುಖ್ಯ. ಅದನ್ನು ಹೆಸರಿನ ಕೆಳಗೆ ಒಂದು ಸಾಲಾಗಿಯೇ ಬರೆ. ಊರೂ ಅಂಚೆಯೂ ಒಂದೇ ಆದರೆ ‘ಗ್ರಾಮ ಮತ್ತು ಅಂಚೆ: ನಿಟ್ಟೆ’, ಬೇರೆಯಾದರೆ ಎರಡನ್ನೂ ಬರೆಯಬೇಕು.

ಪಿನ್‌ಕೋಡನ್ನು 574110 ಎಂದು ಇಂಗ್ಲಿಷ್ ಅಂಕಿಯಲ್ಲೇ ಬರೆ, ಅಲಂಕಾರ ಮಾಡಬೇಡ. 1972ರ ಆಗಸ್ಟ್ 15ರಿಂದ ಇರುವ ಈ ಆರು ಅಂಕಿಯಲ್ಲಿ ಮೊದಲ ಮೂರು ಕಾಗದವನ್ನು ಜಿಲ್ಲೆಯ ವಿಂಗಡಣೆಯವರೆಗೆ ತರುತ್ತವೆ, ಕೊನೆಯ ಮೂರು ಅಂಚೆ ಕಚೇರಿಯನ್ನು ತೋರಿಸುತ್ತವೆ. 1ಕ್ಕೂ 7ಕ್ಕೂ ಗೊಂದಲವಾದರೆ ಕಾಗದ ಬೇರೆ ಊರು ಸುತ್ತಿ ಬರುತ್ತದೆ. ಮುಂಬಯಿಯ ನೆಂಟರಿಗೆ ಹೆಸರು ಕನ್ನಡದಲ್ಲಿರಲಿ, ಉಳಿದದ್ದೆಲ್ಲ ಇಂಗ್ಲಿಷಿನಲ್ಲಿರಲಿ.

ದೇವರ ಸನ್ನಿಧಿಗೆ ಇಡುವ ಕಾಗದವನ್ನು ಮೊದಲು ಕೊಡುವುದು ಪದ್ಧತಿ, ಮೊದಲು ಬರೆಯಬೇಕೆಂದಿಲ್ಲ. ಹತ್ತಿಪ್ಪತ್ತು ಕವರು ಬರೆದು ಕೈ ಹದಕ್ಕೆ ಬಂದ ಮೇಲೆ, 2.4ರ ನಿಬ್ಬಿನಲ್ಲಿ ಸನ್ನಿಧಿಯ ಹೆಸರನ್ನಷ್ಟೇ ದೊಡ್ಡದಾಗಿ ಬರೆ. ಮೂಲೆಗಳಿಗೆ ಅರಸಿನ ಹಚ್ಚುವುದು ಶಾಯಿ ಒಣಗಿದ ಮರುದಿನ, ಗಟ್ಟಿಯಾಗಿ ಕಲಸಿದ ಅರಸಿನ, ಬೆರಳ ತುದಿಯಲ್ಲಿ ಸ್ವಲ್ಪವೇ. ನೀರಾಗಿದ್ದರೆ ಕಾಗದದೊಳಗೆ ಹಬ್ಬಿ ಅಕ್ಷರದವರೆಗೂ ಬರುತ್ತದೆ. ಎಲೆ-ಅಡಿಕೆ ಹಾಕುವವರ ಕೈಗೆ ಆ ಕೆಲಸ ಬೇಡ: ಬೆರಳಿನ ಸುಣ್ಣ ತಾಗಿದರೆ ಅರಸಿನ ಕೆಂಪಾಗುತ್ತದೆ.

ನಾಲ್ಕೈದು ಸಾಲಿನ ಒಂದು ಕವರಿಗೆ ಏಳೆಂಟು ನಿಮಿಷ. ಅಂದರೆ ತಾಸಿಗೆ ಎಂಟು, ಇನ್ನೂರಕ್ಕೆ ಇಪ್ಪತ್ತೈದು ತಾಸು. ದಿನಕ್ಕೆ ಎರಡೂವರೆ ತಾಸಿಗಿಂತ ಹೆಚ್ಚು ಕೂತರೆ ಕೊನೆಯ ಕವರುಗಳು ಮೊದಲಿನವುಗಳ ಹಾಗಿರುವುದಿಲ್ಲ. ಹತ್ತು ದಿನ ಇಟ್ಟುಕೋ, ಒಣಗಲು ಇನ್ನೆರಡು. ಸಾದಾ ದಪ್ಪ ಕಾಗದದಲ್ಲಿ ಒಂದಕ್ಷರ ತಪ್ಪಿದರೆ, ಪೂರ್ತಿ ಒಣಗಿದ ಮೇಲೆ ಹೊಸ ಬ್ಲೇಡಿನಲ್ಲಿ ಹೆರೆದು, ಬಟರ್ ಪೇಪರ್ ಇಟ್ಟು ಚಮಚದ ಬೆನ್ನಿನಲ್ಲಿ ತೀಡಿ ಮತ್ತೆ ಬರೆಯಬಹುದು. ಮೆಟಾಲಿಕ್‌ನಲ್ಲಿ ಲೇಪವೇ ಎದ್ದು ಬರುತ್ತದೆ, ಹೊಸ ಕವರೇ ಗತಿ.

ಕವರು ಆರಿಸಿದ ಕೂಡಲೇ ಅದರ ಒಂದು ತುಂಡನ್ನೂ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದವಿರುವ ವಿಳಾಸವನ್ನೂ ಕಳುಹಿಸು. ಗೆರೆಹಾಳೆ ಆ ಅಳತೆಗೇ ಮಾಡಿ ಕೊಡುತ್ತೇನೆ.

ನಿನ್ನ ಗೆಳೆಯ,
ಮಂಗಳೂರಿನಿಂದ